ಹೊಸ್ತಿಲಲ್ಲಿ ಕೈಹಿಡಿದ ಗುರು: ಡಾ. ಎಲಿಜಬೆತ್ ಬ್ಲ್ಯಾಕ್‌ವೆಲ್

ವಿದ್ಯಾಲಯದಲ್ಲಿ ಕುಳಿತ ವಿದ್ಯಾರ್ಥಿಗೆ ಪಾಠ ಹೇಳುವ ಗುರುಗಳು ಲೋಕದಲ್ಲಿ ಬಹುಮಂದಿ. ವಿದ್ಯಾಲಯದ ಹೊರಗೆ ನಿಂತು, ಒಳಗೆ ಪ್ರವೇಶ ದೊರೆಯುವುದೋ ಇಲ್ಲವೋ ಎಂಬ ಶಂಕೆಯಲ್ಲಿರುವ ಜ್ಞಾನಾರ್ಥಿಯ ಕೈಹಿಡಿಯುವ ಗುರುಗಳು ವಿರಳ. ವೈದ್ಯವಿದ್ಯೆಯಂತಹ ಕಠಿಣವೂ ವೆಚ್ಚದಾಯಕವೂ ದೀರ್ಘಕಾಲದ್ದೂ ಆದ ಶಾಸ್ತ್ರದಲ್ಲಿ ಈ ಎರಡನೆಯ ಬಗೆಯ ಗುರುಗಳ ಉಪಕಾರ ಬಹಳ ಹಿರಿದಾದುದು. ಅವರ ಹೆಸರು ಪದವಿಪತ್ರದಲ್ಲಿ ಇರುವುದಿಲ್ಲ. ಅವರು ಕೊಟ್ಟ ಪುಸ್ತಕ, ಕಳೆದ ಸಮಯ, ಬರೆದ ಶಿಫಾರಸು ಪತ್ರ ಇವೆಲ್ಲ ಪದವಿ ಬಂದ ದಿನವೇ ಮರೆತುಹೋಗುತ್ತವೆ.

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ವೈದ್ಯಪದವಿ ಪಡೆದ ಮೊದಲ ಮಹಿಳೆ ಎಂದು ಡಾ. ಎಲಿಜಬೆತ್ ಬ್ಲ್ಯಾಕ್‌ವೆಲ್ ಅವರ ಹೆಸರು ಜಗತ್ಪ್ರಸಿದ್ಧವಾಗಿದೆ. ಆದರೆ ಆ ಪದವಿಗೆ ಮುಂಚಿನ ವರ್ಷಗಳಲ್ಲಿ ಅವರನ್ನು ಸಿದ್ಧಗೊಳಿಸಿದ ನಾಲ್ಕಾರು ವೈದ್ಯರ ಸಂಗತಿ ಅಷ್ಟಾಗಿ ತಿಳಿದಿಲ್ಲ. ತಾವು ಪಡೆದ ಆ ಉಪಕಾರವನ್ನು ಎಲಿಜಬೆತ್ ಅವರು ತಮ್ಮ ಬಾಳಿನುದ್ದಕ್ಕೂ ಬೇರೆಯವರಿಗೆ ಹಂಚುತ್ತ ಹೋದರು. ಆ ಋಣಸಂದಾಯದ ಕಥೆಯೇ ಅವರ ಜೀವನಚರಿತ್ರೆಯ ತಿರುಳು.

ಮನೆತನ ಮತ್ತು ಬಾಲ್ಯ

ಎಲಿಜಬೆತ್ ಅವರು ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ 1821ನೆಯ ಇಸವಿ ಫೆಬ್ರವರಿ 3ರಂದು ಜನಿಸಿದರು. ತಂದೆ ಸ್ಯಾಮ್ಯುಯೆಲ್ ಬ್ಲ್ಯಾಕ್‌ವೆಲ್ ಸಕ್ಕರೆ ಶುದ್ಧೀಕರಣದ ಉದ್ಯಮಿ. ತಾಯಿ ಹ್ಯಾನಾ ಲೇನ್. ಬದುಕುಳಿದ ಒಂಬತ್ತು ಮಕ್ಕಳಲ್ಲಿ ಎಲಿಜಬೆತ್ ಮೂರನೆಯವರು. ತಂದೆ ಧರ್ಮಭೀರುಗಳು, ಗುಲಾಮಗಿರಿಯ ಕಡುವಿರೋಧಿಗಳು. ತಮ್ಮ ಉದ್ಯಮಕ್ಕೆ ಬೇಕಾದ ಕಬ್ಬು ಗುಲಾಮರ ದುಡಿಮೆಯಿಂದ ಬೆಳೆದುದೆಂಬ ಸಂಗತಿ ಅವರ ಮನಸ್ಸನ್ನು ಸದಾ ಕೊರೆಯುತ್ತಿತ್ತು; ಆದ್ದರಿಂದ ಬೀಟ್‌ರೂಟಿನಿಂದ ಸಕ್ಕರೆ ತೆಗೆಯುವ ಪ್ರಯತ್ನವನ್ನೂ ಅವರು ಮಾಡಿದರು. ಹೆಣ್ಣುಮಕ್ಕಳಿಗೂ ಗಂಡುಮಕ್ಕಳಿಗೂ ಮನೆಯಲ್ಲಿ ಒಂದೇ ಬಗೆಯ ಶಿಕ್ಷಣ ಕೊಡಿಸಿದುದು ಆ ಕಾಲಕ್ಕೆ ಅಪರೂಪವಾಗಿತ್ತು.

1832ರಲ್ಲಿ ಕುಟುಂಬವು ಸಮುದ್ರ ದಾಟಿ ನ್ಯೂಯಾರ್ಕಿಗೆ ಬಂದಿತು. ವ್ಯಾಪಾರದಲ್ಲಿ ನಷ್ಟವೊದಗಿ 1838ರಲ್ಲಿ ಒಹಾಯೋ ಪ್ರಾಂತದ ಸಿನ್ಸಿನಾಟಿಗೆ ಹೋದರು. ಅಲ್ಲಿ ನೆಲೆಗೊಳ್ಳುವ ಮುನ್ನವೇ, ಅದೇ ವರ್ಷದ ಆಗಸ್ಟ್ ತಿಂಗಳಿನಲ್ಲಿ ತಂದೆ ತೀರಿಕೊಂಡರು. ಕೈಯಲ್ಲಿ ಹಣವಿಲ್ಲದ ತಾಯಿ, ಚಿಕ್ಕ ಚಿಕ್ಕ ಮಕ್ಕಳು. ಹದಿನೇಳು ವರ್ಷದ ಎಲಿಜಬೆತ್ ಅಕ್ಕಂದಿರಾದ ಆನಾ ಮತ್ತು ಮೇರಿಯನ್ ಅವರೊಡನೆ ಸೇರಿ ಮನೆಯಲ್ಲಿಯೇ ಒಂದು ಶಾಲೆಯನ್ನು ತೆರೆದು ಸಂಸಾರವನ್ನು ನಡೆಸಿದರು. ಮುಂದೆ 1844ರಲ್ಲಿ ಕೆಂಟಕಿ ಪ್ರಾಂತದ ಹೆಂಡರ್ಸನ್ ಎಂಬ ಊರಿನಲ್ಲಿ ಉಪಾಧ್ಯಾಯಿನಿಯಾದರು. ಗುಲಾಮರ ಬವಣೆಯನ್ನು ಅಲ್ಲಿ ಕಣ್ಣಾರೆ ಕಂಡು ಆ ಊರಿನಲ್ಲಿ ಹೆಚ್ಚುಕಾಲ ನಿಲ್ಲದೆ ಮರಳಿದರು.

ಬಾಳಿಗೆ ಒದಗಿದ ತಿರುವು

ವೈದ್ಯರಾಗಬೇಕೆಂಬ ಹಂಬಲ ಎಲಿಜಬೆತ್ ಅವರಿಗೆ ಬಾಲ್ಯದಿಂದ ಬಂದುದಲ್ಲ. ದೇಹ, ರೋಗ, ಚಿಕಿತ್ಸೆ ಎಂಬ ಮಾತುಗಳೇ ಅವರಿಗೆ ಜುಗುಪ್ಸೆ ತರುತ್ತಿದ್ದವು. ಇತಿಹಾಸ, ತತ್ತ್ವಶಾಸ್ತ್ರ, ಸಂಗೀತಗಳಲ್ಲಿ ಅವರ ಮನಸ್ಸು ನೆಟ್ಟಿತ್ತು. ಹೀಗಿರುವಾಗ ಅವರ ಪರಿಚಿತರಾದ ಮಹಿಳೆಯೊಬ್ಬರು ಗುಣವಾಗದ ವ್ಯಾಧಿಗೆ ತುತ್ತಾದರು. ತಮ್ಮ ಚಿಕಿತ್ಸೆಗೆ ಹೆಂಗಸೊಬ್ಬಳು ವೈದ್ಯಳಾಗಿ ದೊರೆತಿದ್ದರೆ ತಮ್ಮ ಯಾತನೆಯ ಅರ್ಧಭಾಗವಾದರೂ ಕಡಮೆಯಾಗುತ್ತಿತ್ತೆಂದು ಆಕೆ ಎಲಿಜಬೆತ್ ಅವರಲ್ಲಿ ತೋಡಿಕೊಂಡರು. ಬುದ್ಧಿವಂತೆಯಾದ ನೀವೇಕೆ ಆ ವಿದ್ಯೆಯನ್ನು ಕಲಿಯಬಾರದೆಂದು ಕೇಳಿದರು. ಎಲಿಜಬೆತ್ ಮೊದಲು ಒಪ್ಪಲಿಲ್ಲ. ಆದರೆ ಸಾಯುತ್ತಿರುವವರ ಮಾತು ಮನಸ್ಸನ್ನು ಬಿಟ್ಟುಹೋಗಲಿಲ್ಲ.

ತಮಗೆ ತಿಳಿದ ವೈದ್ಯರಿಗೂ ಹಿತೈಷಿಗಳಿಗೂ ಅವರು ಪತ್ರ ಬರೆದು ಸಲಹೆ ಕೇಳಿದರು. ಹೆಂಗಸರಿಗೆ ವೈದ್ಯೆಯರು ಬೇಕೆಂಬುದು ನಿಜ, ಆದರೆ ಅದು ಸಾಧ್ಯವಾಗುವ ಮಾತಲ್ಲ ಎಂಬುದೇ ಬಹುಮಂದಿಯ ಅಭಿಪ್ರಾಯವಾಗಿತ್ತು. ಸಿನ್ಸಿನಾಟಿಯಲ್ಲಿ ನೆರೆಯವರಾಗಿದ್ದ, ಮುಂದೆ ಪ್ರಖ್ಯಾತ ಲೇಖಕಿಯಾದ ಹ್ಯಾರಿಯೆಟ್ ಬೀಚರ್ ಸ್ಟೋ ಅವರೂ ಇದನ್ನೇ ಹೇಳಿದರು. ವೈದ್ಯವಿದ್ಯಾಭ್ಯಾಸಕ್ಕೆ ಸುಮಾರು 3,000 ಡಾಲರು ಬೇಕಾಗಬಹುದೆಂದು ಅಂದಾಜಾಯಿತು. ತಂದೆಯಿಲ್ಲದ ಮನೆಯ ಉಪಾಧ್ಯಾಯಿನಿಗೆ ಅದು ಕನಸಿನ ಮೊತ್ತ. ಅಸಾಧ್ಯವೆಂದು ಎಲ್ಲರೂ ಹೇಳಿದಷ್ಟೂ ಎಲಿಜಬೆತ್ ಅವರ ಸಂಕಲ್ಪ ಗಟ್ಟಿಯಾಗುತ್ತ ಹೋಯಿತು.

ಗ್ರಂಥಭಂಡಾರ ತೆರೆದ ವೈದ್ಯರು

1845ರಲ್ಲಿ ಎಲಿಜಬೆತ್ ಉತ್ತರ ಕ್ಯಾರೊಲಿನಾದ ಆಶ್‌ವಿಲ್ ಎಂಬ ಬೆಟ್ಟದೂರಿಗೆ ಸಂಗೀತದ ಉಪಾಧ್ಯಾಯಿನಿಯಾಗಿ ಹೋದರು. ಅಲ್ಲಿ ಶಾಲೆ ನಡೆಸುತ್ತಿದ್ದವರು ಜಾನ್ ಡಿಕ್ಸನ್ ಎಂಬ ಪಾದ್ರಿಗಳು. ಅವರು ಪೂರ್ವಾಶ್ರಮದಲ್ಲಿ ವೈದ್ಯರಾಗಿದ್ದವರು. ಹೊಸ ಉಪಾಧ್ಯಾಯಿನಿಯ ಮನದಿಂಗಿತವನ್ನು ಅರಿತು ಅವರು ತಮ್ಮ ವೈದ್ಯಗ್ರಂಥಗಳ ಕಪಾಟನ್ನೇ ಆಕೆಗೆ ಬಿಟ್ಟುಕೊಟ್ಟರು. ಹಗಲು ಮಕ್ಕಳಿಗೆ ಸಂಗೀತ ಕಲಿಸುವುದು, ಉಳಿದ ಹೊತ್ತಿನಲ್ಲಿ ವೈದ್ಯಗ್ರಂಥಗಳ ವ್ಯಾಸಂಗ, ಹೀಗೆ ದಿನಗಳು ಸಾಗಿದವು. ಅಲ್ಲಿಯೇ ಒಮ್ಮೆ ಶಾಲೆಯ ಗೆಳತಿಯೊಬ್ಬಳು ಸತ್ತುಬಿದ್ದ ಒಂದು ದೊಡ್ಡ ಜೀರುಂಡೆಯನ್ನು ತಂದು, ಇದನ್ನು ಕೊಯ್ದು ನೋಡಿ ನಿಮ್ಮ ಶಾಸ್ತ್ರವನ್ನು ಆರಂಭಿಸಿರೆಂದು ತಮಾಷೆ ಮಾಡಿದಳು. ಎಲಿಜಬೆತ್ ಅದನ್ನು ಒಂದು ಚಿಪ್ಪಿನಲ್ಲಿಟ್ಟು, ತಲೆಗೂದಲಿನ ಪಿನ್ನಿನಿಂದ ಒತ್ತಿಹಿಡಿದು, ಸಣ್ಣ ಚೂರಿಯಿಂದ ಕೊಯ್ಯಲು ಹೋದರು. ಕೈ ಏಳಲೇ ಇಲ್ಲ. ಬಹುಹೊತ್ತು ಹೆಣಗಿ ಕೊನೆಗೆ ಕೊಯ್ದಾಗ ಒಳಗೆ ಒಂದಿಷ್ಟು ಹಳದಿ ಧೂಳಲ್ಲದೆ ಬೇರೇನೂ ಕಾಣಲಿಲ್ಲ. ಒಂದು ಸತ್ತ ಕೀಟವನ್ನು ಮುಟ್ಟಲು ಇಷ್ಟು ಹೇಸಿದವರು ಮುಂದೆ ವೈದ್ಯರಾದುದು ಹೇಗೆಂಬುದನ್ನು ಅರಿಯಬೇಕಾದರೆ ಅವರ ಮುಂದಿನ ಗುರುಗಳ ವಿಚಾರವನ್ನು ತಿಳಿಯಬೇಕು.

ಆಶ್‌ವಿಲ್ ಶಾಲೆ ಮುಚ್ಚಿದಾಗ ಜಾನ್ ಡಿಕ್ಸನ್ನರು ಎಲಿಜಬೆತ್ ಅವರನ್ನು ಕೈಬಿಡಲಿಲ್ಲ. ಚಾರ್ಲ್ಸ್‌ಟನ್ ನಗರದಲ್ಲಿ ಹೆಸರಾಂತ ವೈದ್ಯರೂ ಅಲ್ಲಿನ ವೈದ್ಯಕಾಲೇಜಿನ ಪ್ರಾಧ್ಯಾಪಕರೂ ಆಗಿದ್ದ ತಮ್ಮ ಸಹೋದರ ಡಾ. ಸ್ಯಾಮ್ಯುಯೆಲ್ ಹೆನ್ರಿ ಡಿಕ್ಸನ್ ಅವರಲ್ಲಿಗೆ ಆಕೆಯನ್ನು ಕಳುಹಿಸಿದರು. 1846ರಲ್ಲಿ ಎಲಿಜಬೆತ್ ಚಾರ್ಲ್ಸ್‌ಟನ್ನಿನ ವಸತಿಶಾಲೆಯೊಂದರಲ್ಲಿ ಸಂಗೀತ ಕಲಿಸುತ್ತ ಸಂಬಳವನ್ನು ಕೂಡಿಡತೊಡಗಿದರು. ಪ್ರಾಧ್ಯಾಪಕರು ತಮ್ಮ ಗ್ರಂಥಭಂಡಾರವನ್ನು ಆಕೆಗೆ ತೆರೆದುಕೊಟ್ಟು, ಯಾವ ಗ್ರಂಥವನ್ನು ಮೊದಲು ಓದಬೇಕು, ಯಾವುದನ್ನು ಅನಂತರ ಓದಬೇಕೆಂದು ಮಾರ್ಗದರ್ಶನ ನೀಡಿದರು. ಪ್ರತಿದಿನ ಬೆಳಗ್ಗೆ ಶಾಲೆಗೆ ಮುಂಚೆ, ಸಂಜೆ ಶಾಲೆಯ ಅನಂತರ, ಆ ವ್ಯಾಸಂಗ ನಿಯಮದಿಂದ ನಡೆಯಿತು.

1847ರಲ್ಲಿ ಕೂಡಿಟ್ಟ ಹಣದೊಡನೆ ಎಲಿಜಬೆತ್ ಫಿಲಡೆಲ್ಫಿಯಾ ನಗರಕ್ಕೆ ಬಂದರು. ಆ ಕಾಲಕ್ಕೆ ಅದು ಅಮೆರಿಕದ ವೈದ್ಯವಿದ್ಯೆಯ ತವರು. ಅಲ್ಲಿ ಡಾ. ವಿಲಿಯಂ ಎಲ್ಡರ್ ದಂಪತಿಗಳು ಅವರಿಗೆ ತಮ್ಮ ಮನೆಯಲ್ಲಿ ಆಶ್ರಯವಿತ್ತರು. ಕ್ವೇಕರ್ ಪಂಥದ ಡಾ. ಜೋಸೆಫ್ ವಾರಿಂಗ್ಟನ್ ಅವರು ತಮ್ಮ ಪುಸ್ತಕಗಳನ್ನು ಕೊಟ್ಟರು, ತಮ್ಮ ಉಪನ್ಯಾಸಗಳಿಗೆ ಬರಮಾಡಿಕೊಂಡರು, ರೋಗಿಗಳ ಮನೆಗಳಿಗೂ ಜೊತೆಯಲ್ಲಿ ಕರೆದೊಯ್ದರು. ಇಲ್ಲಿ ಗಮನಿಸತಕ್ಕ ವಿಷಯವೊಂದಿದೆ. ವಾರಿಂಗ್ಟನ್ನರಿಗೆ ಆರಂಭದಲ್ಲಿ ಈ ಸಾಹಸ ಸರಿತೋರಿರಲಿಲ್ಲ. ಸ್ತ್ರೀಗೆ ತಕ್ಕ ಕಾರ್ಯವೆಂದರೆ ಶುಶ್ರೂಷೆಯೆಂದೇ ಅವರು ನಂಬಿದ್ದರು. ಆ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ತಿಳಿಸಿಯೂ ಇದ್ದರು. ಆದರೂ ವಿದ್ಯಾರ್ಥಿನಿಯ ಶ್ರದ್ಧೆಯನ್ನು ಕಂಡಮೇಲೆ ತಮ್ಮ ಅಭಿಪ್ರಾಯವನ್ನು ಆಕೆಯ ದಾರಿಗೆ ಅಡ್ಡತರಲಿಲ್ಲ. ಗುರುವಿನ ಹಿರಿಮೆ ಇಂತಹ ಔದಾರ್ಯದಲ್ಲಿದೆ.

ಶರೀರರಚನಾಶಾಸ್ತ್ರವನ್ನು ಖಾಸಗಿಯಾಗಿ ಕಲಿಸಲು ಒಪ್ಪಿದವರು ಡಾ. ಆಲೆನ್. ವಿದ್ಯಾರ್ಥಿನಿಯ ಜುಗುಪ್ಸೆಯ ಸ್ವಭಾವವನ್ನು ಅವರು ಬಲ್ಲವರಾಗಿದ್ದರು. ಆದುದರಿಂದ ಮೊದಲ ದಿನವೇ ಪೂರ್ಣ ಶವವನ್ನು ಆಕೆಯ ಮುಂದಿಡಲಿಲ್ಲ. ಮಾನವನ ಮಣಿಕಟ್ಟೊಂದನ್ನು ಮಾತ್ರ ಬಿಡಿಸಿ ತೋರಿಸಿದರು. ಬೆರಳುಗಳನ್ನು ಆಡಿಸುವ ಸ್ನಾಯುರಜ್ಜುಗಳು ಆ ಕಿರಿದಾದ ಜಾಗದಲ್ಲಿ ಒಂದಕ್ಕೊಂದು ತೊಡಕಾಗದೆ ಸಾಗಿರುವ ಅಚ್ಚುಕಟ್ಟನ್ನು ಕಂಡು ಎಲಿಜಬೆತ್ ಬೆರಗಾದರು. ಆ ಸೌಂದರ್ಯದ ಮುಂದೆ ಅಸಹ್ಯವೆಲ್ಲ ಕರಗಿಹೋಯಿತು. ಜೀರುಂಡೆಯನ್ನು ಮುಟ್ಟಲಾರದೆ ಹೋದವರಿಗೆ ಅಂದಿನಿಂದ ಶರೀರಶಾಸ್ತ್ರದಲ್ಲಿ ಎಂದೂ ಹಿಂಜರಿಕೆ ಬರಲಿಲ್ಲ. ಶಿಷ್ಯನ ಮನಸ್ಸನ್ನು ಅರಿತು ಮೊದಲ ಪಾಠವನ್ನು ಆರಿಸುವುದು ಎಂದರೆ ಇದೇ.

ಜಿನೀವಾ ಕಾಲೇಜು

ಗುರುಗಳು ದೊರೆತರೂ ಕಾಲೇಜು ದೊರೆಯಲಿಲ್ಲ. ಫಿಲಡೆಲ್ಫಿಯಾ ಮತ್ತು ನ್ಯೂಯಾರ್ಕ್ ನಗರಗಳ ವೈದ್ಯಕಾಲೇಜುಗಳೆಲ್ಲ ಅರ್ಜಿಯನ್ನು ತಿರಸ್ಕರಿಸಿದವು. ಪ್ಯಾರಿಸಿಗೆ ಹೋಗಿ ಗಂಡುವೇಷ ಧರಿಸಿ ಕಲಿಯುವುದು ಲೇಸೆಂದು ಹಿತೈಷಿಗಳು ಸೂಚಿಸಿದರು. ಎಲಿಜಬೆತ್ ಅದನ್ನು ಒಪ್ಪಲಿಲ್ಲ. ತಾವೊಬ್ಬರು ಮರೆಯಲ್ಲಿ ಕಲಿತರೆ ತಮ್ಮ ಹಿಂದೆ ಬರುವವರಿಗೆ ಅದರಿಂದ ಪ್ರಯೋಜನವೇನೆಂಬುದು ಅವರ ನಿಲುವು. ಸಣ್ಣಪುಟ್ಟ ಊರುಗಳ ಕಾಲೇಜುಗಳಿಗೂ ಅರ್ಜಿಗಳು ಹೋದವು. ಅವುಗಳಲ್ಲಿ ನ್ಯೂಯಾರ್ಕ್ ಪ್ರಾಂತದ ಜಿನೀವಾ ಎಂಬ ಪಟ್ಟಣದ ಕಾಲೇಜೂ ಒಂದು. ಆ ಅರ್ಜಿಗೆ ಬೆಂಬಲವಾಗಿ ಡಾ. ವಾರಿಂಗ್ಟನ್ ಅವರೇ ಪತ್ರ ಬರೆದರು.

ಅಂತಹ ಗಣ್ಯ ವೈದ್ಯರ ಪತ್ರವನ್ನು ತಿರಸ್ಕರಿಸಲು ಜಿನೀವಾದ ಅಧ್ಯಾಪಕರಿಗೆ ಸಂಕೋಚ, ಒಪ್ಪಿಕೊಳ್ಳಲು ಮನಸ್ಸಿಲ್ಲ. ತೀರ್ಮಾನವನ್ನು ವಿದ್ಯಾರ್ಥಿಗಳಿಗೇ ಬಿಟ್ಟು, ಒಬ್ಬನು ವಿರೋಧಿಸಿದರೂ ಅರ್ಜಿ ಬಿದ್ದುಹೋಗುವುದೆಂದು ಡೀನ್ ಚಾರ್ಲ್ಸ್ ಲೀ ತರಗತಿಯಲ್ಲಿ ಪ್ರಕಟಿಸಿದರು. ಸುಮಾರು ನೂರೈವತ್ತು ಮಂದಿ ತರುಣರು ಇದನ್ನು ದೊಡ್ಡ ವಿನೋದವೆಂದು ಬಗೆದು, ನಗುತ್ತ ಕೇಕೆ ಹಾಕುತ್ತ ಸರ್ವಾನುಮತದಿಂದ ಒಪ್ಪಿಗೆ ಕೊಟ್ಟುಬಿಟ್ಟರು. 1847ರ ನವೆಂಬರ್ 6ರಂದು ಎಲಿಜಬೆತ್ ಜಿನೀವಾಕ್ಕೆ ಬಂದಿಳಿದಾಗ ವಿನೋದವು ವಾಸ್ತವವಾಯಿತು. ಗದ್ದಲಕ್ಕೆ ಹೆಸರಾಗಿದ್ದ ಆ ತರಗತಿ ಈ ಗಂಭೀರ ವಿದ್ಯಾರ್ಥಿನಿ ಬಂದು ಕುಳಿತೊಡನೆ ಮೌನವಾಯಿತು. ಊರಿನ ಹೆಂಗಸರು ಮಾತ್ರ ಆಕೆಯನ್ನು ಕಂಡು ದಾರಿಯಲ್ಲಿಯೇ ನಿಂತು ದಿಟ್ಟಿಸುತ್ತಿದ್ದರು. ಈಕೆ ದುಷ್ಟೆಯಾಗಿರಬೇಕು, ಇಲ್ಲವೇ ಹುಚ್ಚಿಯಾಗಿರಬೇಕೆಂಬುದು ಅವರ ನಿರ್ಣಯ.

ಶರೀರಶಾಸ್ತ್ರದ ಪ್ರಾಧ್ಯಾಪಕ ಡಾ. ಜೇಮ್ಸ್ ವೆಬ್‌ಸ್ಟರ್ ಒಮ್ಮೆ, ಜನನೇಂದ್ರಿಯಗಳ ಪಾಠಕ್ಕೆ ಬಾರದಿರುವುದು ಒಳ್ಳೆಯದೆಂದು ತಿಳಿಸಿದರು. ವೈದ್ಯಶಾಸ್ತ್ರದ ಯಾವ ಭಾಗವೂ ಪವಿತ್ರವಾದುದೇ ಎಂದೂ, ತಾವು ಇರುವುದರಿಂದ ಮುಜುಗರವಾಗುವುದಾದರೆ ಹಿಂದಿನ ಸಾಲಿನಲ್ಲಿ ಕುಳಿತುಕೊಳ್ಳಲು ಸಿದ್ಧರೆಂದೂ ಎಲಿಜಬೆತ್ ವಿನಯದಿಂದ ಪತ್ರ ಬರೆದರು. ಪ್ರಾಧ್ಯಾಪಕರು ಆ ಪತ್ರವನ್ನು ತರಗತಿಯಲ್ಲಿ ಓದಿ, ಅವರನ್ನು ಗೌರವದಿಂದ ಒಳಗೆ ಕರೆದುಕೊಂಡರು. ತಮ್ಮ ತಪ್ಪನ್ನು ಶಿಷ್ಯರ ಎದುರಿಗೇ ತಿದ್ದಿಕೊಂಡ ಆ ಪ್ರಾಧ್ಯಾಪಕರು ಮುಂದೆ ಎಲಿಜಬೆತ್ ಅವರ ಬೆಂಬಲಿಗರಾದರು.

1848ರ ಬೇಸಿಗೆಯಲ್ಲಿ ಫಿಲಡೆಲ್ಫಿಯಾದ ಬ್ಲಾಕ್ಲಿ ಅನಾಥಾಲಯದ ಆಸ್ಪತ್ರೆಯಲ್ಲಿ ಕೆಲಸ ಕಲಿಯಲು ಅವಕಾಶ ದೊರೆಯಿತು. ಅಲ್ಲಿನ ತರುಣ ವೈದ್ಯರಿಗೆ ಇದು ಹಿಡಿಸಲಿಲ್ಲ. ಎಲಿಜಬೆತ್ ವಾರ್ಡಿಗೆ ಬಂದರೆ ಅವರು ಎದ್ದು ಹೋಗುತ್ತಿದ್ದರು. ರೋಗಿಯ ತಲೆದೆಸೆಯ ಚೀಟಿಯಲ್ಲಿ ರೋಗ ಮತ್ತು ಔಷಧದ ವಿವರ ಬರೆಯುವುದನ್ನೇ ನಿಲ್ಲಿಸಿಬಿಟ್ಟರು. ಮನಸ್ಸಿಲ್ಲದ ವೈದ್ಯನು ಜ್ಞಾನಾರ್ಥಿಗೆ ಬಾಗಿಲು ಮುಚ್ಚಲು ಒಂದು ಚೀಟಿ ಸಾಕು! ಬಡ ಐರಿಷ್ ವಲಸೆಗಾರರಲ್ಲಿ ಹರಡಿದ್ದ ಟೈಫಸ್ ಜ್ವರವನ್ನು ಎಲಿಜಬೆತ್ ಅಲ್ಲಿ ಸ್ವಯಂ ಪರಿಶೀಲಿಸಿ ಅದರ ಮೇಲೆಯೇ ಪ್ರೌಢಪ್ರಬಂಧ ಬರೆದರು. 1849ನೆಯ ಜನವರಿ 23ರಂದು ತರಗತಿಗೆ ಪ್ರಥಮರಾಗಿ ವೈದ್ಯಪದವಿಯನ್ನು ಸ್ವೀಕರಿಸಿದರು.

ಕಣ್ಣು ತೆತ್ತು ಕಲಿತ ವಿದ್ಯೆ

ಪದವಿ ಬಂದರೂ ಅನುಭವಕ್ಕೆ ಆಸ್ಪತ್ರೆಗಳು ತೆರೆಯಲಿಲ್ಲ. ಡಾ. ಬ್ಲ್ಯಾಕ್‌ವೆಲ್ ಪ್ಯಾರಿಸಿಗೆ ಹೋದರು. ಅಲ್ಲಿನ ಲಾ ಮೆಟರ್ನಿಟೆ ಹೆರಿಗೆ ಆಸ್ಪತ್ರೆಯಲ್ಲಿ ವೈದ್ಯಪದವಿಗೆ ಬೆಲೆ ಸಿಗದೆ, ಹಳ್ಳಿಗಳಿಂದ ಬಂದ ಎಳೆಯ ಹುಡುಗಿಯರೊಡನೆ ಸೂಲಗಿತ್ತಿಯ ತರಬೇತಿಗೆ ಸೇರಿಕೊಂಡರು. ಪದವೀಧರೆಯೆಂಬ ಅಭಿಮಾನವನ್ನು ಬದಿಗಿಟ್ಟು ಕಲಿತರು. 1849ರ ನವೆಂಬರ್ 4ರ ಬೆಳಗಿನ ಜಾವ, ಕಣ್ಣಿನ ಸೋಂಕು ತಗುಲಿದ್ದ ಶಿಶುವಿನ ಕಣ್ಣನ್ನು ತೊಳೆಯುತ್ತಿದ್ದಾಗ ಆ ನೀರು ಅವರ ಕಣ್ಣಿಗೆ ಸಿಡಿಯಿತು. ಸಂಜೆಯ ಹೊತ್ತಿಗೆ ರೋಗ ಉಲ್ಬಣಿಸಿತು. ಅಲ್ಲಿ ಅವರಿಗೆ ಪಾಠ ಹೇಳುತ್ತಿದ್ದ ತರುಣ ವೈದ್ಯ ಇಪೊಲಿತ್ ಬ್ಲೋ ಹಗಲಿರುಳೆನ್ನದೆ ಶುಶ್ರೂಷೆ ಮಾಡಿದರು. ಆದರೂ ಎಡಗಣ್ಣಿನ ದೃಷ್ಟಿ ಹೋಯಿತು. ಮುಂದೆ ಆ ಕಣ್ಣನ್ನೇ ತೆಗೆಸಬೇಕಾಯಿತು. ಶಸ್ತ್ರವೈದ್ಯೆಯಾಗಬೇಕೆಂಬ ಹಂಬಲ ಅಲ್ಲಿಗೆ ಮುಗಿಯಿತು. ಆಗ ಅವರ ವಯಸ್ಸು 28.

ಬೇರೆಯವರಾಗಿದ್ದರೆ ಮನೆಗೆ ಮರಳುತ್ತಿದ್ದರು. ಅವರು ಲಂಡನ್ನಿಗೆ ಹೋಗಿ 1850ರಲ್ಲಿ ಸೇಂಟ್ ಬಾರ್ತಲೋಮ್ಯೂ ಆಸ್ಪತ್ರೆಯಲ್ಲಿ ವ್ಯಾಸಂಗ ಮುಂದುವರಿಸಿದರು. ಅಲ್ಲಿ ಜೇಮ್ಸ್ ಪ್ಯಾಜೆಟ್ ಅವರಂತಹ ಮಹಾವೈದ್ಯರು ಅವರನ್ನು ಆದರದಿಂದ ಕಂಡರು. ಎಲ್ಲ ವಿಭಾಗಗಳೂ ಅವರಿಗೆ ತೆರೆದಿದ್ದವು, ಸ್ತ್ರೀರೋಗಗಳ ವಿಭಾಗವೊಂದನ್ನು ಬಿಟ್ಟು! ಫ್ಲಾರೆನ್ಸ್ ನೈಟಿಂಗೇಲ್ ಅವರ ಸ್ನೇಹ ಬೆಳೆದುದೂ ಆಗಲೇ.

ಶಿಷ್ಯೆ ಗುರುವಾದುದು

1851ರಲ್ಲಿ ನ್ಯೂಯಾರ್ಕಿಗೆ ಮರಳಿದ ಡಾ. ಬ್ಲ್ಯಾಕ್‌ವೆಲ್ ಅವರಿಗೆ ಆಸ್ಪತ್ರೆಗಳಲ್ಲಿ ಸ್ಥಾನ ದೊರೆಯಲಿಲ್ಲ, ರೋಗಿಗಳೂ ವಿರಳ. 1853ರಲ್ಲಿ ಬಡವರ ಬಡಾವಣೆಯ ಒಂದೇ ಕೋಣೆಯಲ್ಲಿ, ವಾರಕ್ಕೆ ಮೂರು ಮಧ್ಯಾಹ್ನ ತೆರೆದಿರುವ ಧರ್ಮಾರ್ಥ ಚಿಕಿತ್ಸಾಲಯವನ್ನು ಆರಂಭಿಸಿದರು. ಮರುವರ್ಷ ಕೇಥರೀನ್ ಬ್ಯಾರಿ ಎಂಬ ಅನಾಥ ಬಾಲಿಕೆಯನ್ನು ಮನೆಗೆ ತಂದು ಸಾಕಿಕೊಂಡರು. ಆಕೆ ಕೊನೆಯವರೆಗೂ ಅವರ ಜೊತೆಯಲ್ಲಿ ಬಾಳಿದಳು.

ತಂಗಿ ಎಮಿಲಿಯೂ ಅಕ್ಕನ ದಾರಿ ಹಿಡಿದಿದ್ದರು. ಅಕ್ಕನಿಗೆ ಪದವಿ ಕೊಟ್ಟ ಜಿನೀವಾ ಕಾಲೇಜು ತಂಗಿಗೆ ಪ್ರವೇಶವನ್ನೇ ನಿರಾಕರಿಸಿತು. ಶಿಕಾಗೋದ ರಷ್ ಕಾಲೇಜು 1852ರಲ್ಲಿ ಸೇರಿಸಿಕೊಂಡರೂ ಎರಡನೆಯ ವರ್ಷಕ್ಕೆ ಮುಂದುವರಿಯಗೊಡಲಿಲ್ಲ. ಕೊನೆಗೆ ಕ್ಲೀವ್‌ಲ್ಯಾಂಡಿನ ಕಾಲೇಜಿನಲ್ಲಿ 1854ರಲ್ಲಿ ಎಮಿಲಿ ಪದವೀಧರೆಯಾದರು. ಒಬ್ಬರು ಗೆದ್ದ ಮಾತ್ರಕ್ಕೆ ಬಾಗಿಲು ತೆರೆದೇ ಇರುವುದಿಲ್ಲ, ಅದನ್ನು ತೆರೆದಿಡಲು ಯಾರಾದರೂ ಅಲ್ಲಿ ನಿಂತಿರಬೇಕೆಂಬುದನ್ನು ಡಾ. ಬ್ಲ್ಯಾಕ್‌ವೆಲ್ ಸ್ವಂತ ತಂಗಿಯ ಪಾಡಿನಿಂದ ಅರಿತರು.

1854ರ ಮೇ ತಿಂಗಳಿನಲ್ಲಿ ಜರ್ಮನಿಯಿಂದ ಬಂದ ಮೇರಿ ಜಕ್ಷೆವ್ಸ್ಕಾ ಎಂಬ ತರುಣಿ ಅವರನ್ನು ಕಾಣಲು ಬಂದರು. ಬರ್ಲಿನ್ನಿನ ಪ್ರಸಿದ್ಧ ಶಾರಿಟೆ ಆಸ್ಪತ್ರೆಯಲ್ಲಿ ಮುಖ್ಯ ಸೂಲಗಿತ್ತಿಯ ಹುದ್ದೆಗೇರಿದ್ದ ಆಕೆ, ವೈದ್ಯಳಾಗಬೇಕೆಂಬ ಆಸೆಯಿಂದ 1853ರಲ್ಲಿ ಅಮೆರಿಕಕ್ಕೆ ಬಂದಿದ್ದರು. ಇಂಗ್ಲಿಷ್ ಭಾಷೆ ಬಾರದೆ, ಕೆಲಸ ಸಿಗದೆ, ತಂಗಿಯರೊಡನೆ ಉಣ್ಣೆಯ ಹೆಣಿಗೆ ಸಾಮಾನುಗಳನ್ನು ಮಾಡಿ ಮಾರಿ ಜೀವಿಸುತ್ತಿದ್ದರು. ಡಾ. ಬ್ಲ್ಯಾಕ್‌ವೆಲ್ ಆಕೆಯನ್ನು ತಮ್ಮ ಚಿಕಿತ್ಸಾಲಯದಲ್ಲಿ ಜೊತೆಗಾರ್ತಿಯಾಗಿ ಸೇರಿಸಿಕೊಂಡರು; ತಾವೇ ಕುಳಿತು ಇಂಗ್ಲಿಷ್ ಕಲಿಸಿದರು; ತಂಗಿ ಓದಿದ ಕ್ಲೀವ್‌ಲ್ಯಾಂಡ್ ಕಾಲೇಜಿಗೆ ಬರೆದು ಪ್ರವೇಶ ಕೊಡಿಸಿದರು. ಡಿಕ್ಸನ್, ಎಲ್ಡರ್, ವಾರಿಂಗ್ಟನ್ ಎಂಬ ಮೂವರು ತಮಗೆ ಮಾಡಿದ ಉಪಕಾರವನ್ನು ಅವರೊಬ್ಬರೇ ಇನ್ನೊಬ್ಬರಿಗೆ ಮಾಡಿದರು. 1856ರಲ್ಲಿ ಜಕ್ಷೆವ್ಸ್ಕಾ ವೈದ್ಯಪದವಿಯೊಡನೆ ಮರಳಿ ಬಂದರು.

ಈ ಮೂವರು ವೈದ್ಯೆಯರು ಸೇರಿ 1857ರ ಮೇ 12ರಂದು ನ್ಯೂಯಾರ್ಕಿನ ಬ್ಲೀಕರ್ ಬೀದಿಯಲ್ಲಿ ಬಡ ಸ್ತ್ರೀಯರ ಮತ್ತು ಮಕ್ಕಳ ಆಸ್ಪತ್ರೆಯನ್ನು ಸ್ಥಾಪಿಸಿದರು. ಹೆಂಗಸರ ಆಸ್ಪತ್ರೆಗೆ ಯಾರೂ ಮನೆ ಬಾಡಿಗೆಗೆ ಕೊಡಲಾರರು, ಹೆಂಗಸರು ಸಹಿ ಮಾಡಿದ ಮರಣಪತ್ರ ನಡೆಯದು, ಪೊಲೀಸರು ಸುಮ್ಮನಿರಲಾರರು ಎಂದು ಅನೇಕರು ಎಚ್ಚರಿಸಿದ್ದರು. ಒಮ್ಮೆ ಬಾಣಂತಿಯೊಬ್ಬಳು ತೀರಿಕೊಂಡಾಗ ಆಕೆಯ ಬಂಧುಗಳು ಗುಂಪುಗೂಡಿ ಆಸ್ಪತ್ರೆಗೆ ಮುತ್ತಿಗೆ ಹಾಕಿದುದೂ ಉಂಟು. ಆಸ್ಪತ್ರೆ ನಿಂತಿತು. ಪದವಿ ಪಡೆದೂ ಅನುಭವಕ್ಕೆ ಎಡೆಯಿಲ್ಲದ ತರುಣಿಯರು ಅಲ್ಲಿ ರೋಗಿಯ ಹಾಸಿಗೆಯ ಬಳಿ ನಿಂತು ಕಲಿಯುವಂತಾಯಿತು. ಬ್ಲಾಕ್ಲಿಯಲ್ಲಿ ತಮಗೆ ಮುಚ್ಚಿದ ವಾರ್ಡಿನ ಬಾಗಿಲನ್ನು ಡಾ. ಬ್ಲ್ಯಾಕ್‌ವೆಲ್ ಇತರರಿಗೆ ಹೀಗೆ ತೆರೆದರು. ಅಮೆರಿಕದ ಕಪ್ಪು ಜನಾಂಗದ ಎರಡನೆಯ ವೈದ್ಯೆಯಾದ ಡಾ. ರೆಬೆಕಾ ಕೋಲ್ ಅವರೂ ಈ ಸಂಸ್ಥೆಯಲ್ಲಿ ಸೇವೆ ಸಲ್ಲಿಸಿ, ಬಡವರ ಮನೆಮನೆಗೆ ಹೋಗಿ ಶುಚಿತ್ವವನ್ನೂ ಶಿಶುಪಾಲನೆಯನ್ನೂ ಬೋಧಿಸಿದರು.

ಕಠಿಣ ನಿಯಮಗಳ ವಿದ್ಯಾಲಯ

ಹೆಂಗಸರಿಗೆಂದೇ ಬೇರೆ ಕಾಲೇಜು ಇರಬೇಕೆಂಬುದು ಡಾ. ಬ್ಲ್ಯಾಕ್‌ವೆಲ್ ಅವರ ಮೂಲ ಅಭಿಪ್ರಾಯವಾಗಿರಲಿಲ್ಲ. ಇರುವ ಒಳ್ಳೆಯ ಕಾಲೇಜುಗಳೇ ಅವರನ್ನು ಸೇರಿಸಿಕೊಳ್ಳಬೇಕೆಂದು ವರ್ಷಗಟ್ಟಲೆ ಯತ್ನಿಸಿದರು. ಅದು ಫಲಿಸದಿದ್ದಾಗ 1868ರ ನವೆಂಬರಿನಲ್ಲಿ ಆಸ್ಪತ್ರೆಗೆ ಹೊಂದಿಕೊಂಡಂತೆ ಮಹಿಳಾ ವೈದ್ಯಕಾಲೇಜನ್ನು ತೆರೆದರು. ಮೊದಲ ವರ್ಷ 15 ಮಂದಿ ವಿದ್ಯಾರ್ಥಿನಿಯರು ಸೇರಿದರು.

ಅಲ್ಲಿನ ನಿಯಮಗಳನ್ನು ನೋಡಿದರೆ ಸಂಸ್ಥಾಪಕಿಯ ಮನೋಧರ್ಮ ತಿಳಿಯುತ್ತದೆ. ಅಂದಿನ ಬಹುಪಾಲು ಕಾಲೇಜುಗಳಲ್ಲಿ ಪ್ರವೇಶಪರೀಕ್ಷೆಯೇ ಇರಲಿಲ್ಲ. ಒಂದೇ ಉಪನ್ಯಾಸಮಾಲೆಯನ್ನು ಎರಡು ಸಲ ಕೇಳಿದರೆ ಪದವಿ ಸಿಗುತ್ತಿತ್ತು. ಈ ಕಾಲೇಜಿನಲ್ಲಿ ಪ್ರವೇಶಪರೀಕ್ಷೆಯಿತ್ತು, ಮೂರು ವರ್ಷಗಳ ಕ್ರಮಬದ್ಧ ಪಾಠವಿತ್ತು, ಆಸ್ಪತ್ರೆಯ ಅನುಭವ ಕಡ್ಡಾಯವಾಗಿತ್ತು. ಕೊನೆಯ ಪರೀಕ್ಷೆಯನ್ನು ಕಾಲೇಜಿನ ಅಧ್ಯಾಪಕರ ಜೊತೆಗೆ ಹೊರಗಿನ ಹಿರಿಯ ವೈದ್ಯರ ಮಂಡಲಿಯೂ ನಡೆಸುತ್ತಿತ್ತು. ಆರೋಗ್ಯರಕ್ಷಣೆ ಮತ್ತು ನೈರ್ಮಲ್ಯಕ್ಕೆ ಪ್ರತ್ಯೇಕ ಪೀಠವಿದ್ದು ಅದನ್ನು ಸ್ವತಃ ಡಾ. ಬ್ಲ್ಯಾಕ್‌ವೆಲ್ ಅಲಂಕರಿಸಿದ್ದರು. ಕಷ್ಟದಿಂದ ಬಂದವರೆಂದು ಕರುಣೆಯಿಂದ ನಿಯಮ ಸಡಿಲಿಸಿದರೆ ಆ ಪದವಿಗೆ ಲೋಕದಲ್ಲಿ ಬೆಲೆಯಿರದು, ಅದರಿಂದ ಕೆಡುಕಾಗುವುದು ರೋಗಿಗೆ ಮತ್ತು ಮುಂದೆ ಬರುವ ವಿದ್ಯಾರ್ಥಿನಿಗೆ ಎಂಬುದನ್ನು ಅವರು ಬಲ್ಲವರಾಗಿದ್ದರು. ಆಶ್ರಯ ಕೊಡುವಾಗ ತಾಯಿಯಂತೆ, ಪರೀಕ್ಷಿಸುವಾಗ ನಿಷ್ಠುರ ನ್ಯಾಯಾಧೀಶರಂತೆ ಇದ್ದವರು ಅವರು. 1869ರಲ್ಲಿ ಅವರು ಇಂಗ್ಲೆಂಡಿಗೆ ತೆರಳಿದ ಅನಂತರ ಡಾ. ಎಮಿಲಿ ಮೂವತ್ತು ವರ್ಷ ಆ ಕಾಲೇಜನ್ನು ನಡೆಸಿದರು. ಕಾರ್ನೆಲ್ ವಿಶ್ವವಿದ್ಯಾಲಯದ ವೈದ್ಯಕಾಲೇಜು ಮಹಿಳೆಯರನ್ನೂ ಸೇರಿಸಿಕೊಂಡಾಗ, 1899ರಲ್ಲಿ, ತಮ್ಮ ಕಾಲೇಜಿನ ಕಾರ್ಯ ಮುಗಿಯಿತೆಂದು ಅದನ್ನು ಮುಚ್ಚಿ ವಿದ್ಯಾರ್ಥಿನಿಯರನ್ನು ಅಲ್ಲಿಗೆ ಕಳುಹಿಸಿದರು. ಅಷ್ಟರಲ್ಲಿ 364 ಮಂದಿ ವೈದ್ಯೆಯರು ಅಲ್ಲಿಂದ ಹೊರಬಂದಿದ್ದರು.

ಭಾರತದವರೆಗೆ ಬಂದ ಪರಂಪರೆ

1859ರಲ್ಲಿ ಬ್ರಿಟನ್ನಿನ ವೈದ್ಯರ ನೋಂದಣಿ ಪಟ್ಟಿಯಲ್ಲಿ ಹೆಸರು ದಾಖಲಾದ ಮೊದಲ ಮಹಿಳೆಯೂ ಡಾ. ಬ್ಲ್ಯಾಕ್‌ವೆಲ್ ಅವರೇ. ಆ ವರ್ಷ ಲಂಡನ್ನಿನಲ್ಲಿ ಅವರು ನೀಡಿದ ಉಪನ್ಯಾಸವನ್ನು ಎಲಿಜಬೆತ್ ಗ್ಯಾರೆಟ್ ಎಂಬ ಯುವತಿ ಕೇಳಿದಳು. ಈಕೆ ವೈದ್ಯಳಾಗಲು ನಿಶ್ಚಯಿಸಿಯೇ ಬಂದವಳೆಂದು ಡಾ. ಬ್ಲ್ಯಾಕ್‌ವೆಲ್ ಭಾವಿಸಿ ಮಾತನಾಡಿದರು. ಇನ್ನೂ ನಿಶ್ಚಯಿಸಿರದ ಯುವತಿ ಆ ವಿಶ್ವಾಸಕ್ಕೆ ತಕ್ಕವಳಾಗಲು ಅಂದಿನಿಂದಲೇ ಹೊರಟಳು. 1865ರಲ್ಲಿ ಆಕೆ ಇಂಗ್ಲೆಂಡಿನಲ್ಲಿಯೇ ವೈದ್ಯವೃತ್ತಿಯ ಅರ್ಹತೆ ಗಳಿಸಿದರು.

ಇತ್ತ ಡಾ. ಜಕ್ಷೆವ್ಸ್ಕಾ 1862ರಲ್ಲಿ ಬಾಸ್ಟನ್ನಿನಲ್ಲಿ ಮಹಿಳೆಯರ ಆಸ್ಪತ್ರೆಯೊಂದನ್ನು ಸ್ಥಾಪಿಸಿದ್ದರು. ಇಂಗ್ಲೆಂಡಿನಿಂದ ಅಲ್ಲಿಗೆ ಬಂದ ಸೋಫಿಯಾ ಜೆಕ್ಸ್-ಬ್ಲೇಕ್ ಎಂಬ ಯುವತಿ, ಅಲ್ಲಿನ ಡಾ. ಲೂಸಿ ಸೀವಾಲ್ ಅವರ ಸಹವಾಸದಿಂದ ವೈದ್ಯವಿದ್ಯೆಯತ್ತ ಒಲಿದು, 1868ರಲ್ಲಿ ಡಾ. ಬ್ಲ್ಯಾಕ್‌ವೆಲ್ ಅವರ ಹೊಸ ಕಾಲೇಜಿಗೆ ಸೇರಿದಳು. ತಂದೆಯ ಮರಣದಿಂದ ಊರಿಗೆ ಮರಳಬೇಕಾಯಿತು. ಎಡಿನ್‌ಬರೋದಲ್ಲಿ ಆಕೆ ಮತ್ತು ಎಡಿತ್ ಪೀಚಿ ಮೊದಲಾದವರು ವೈದ್ಯಶಿಕ್ಷಣಕ್ಕಾಗಿ ಮಹಾಹೋರಾಟ ನಡೆಸಿದರು. ಅಲ್ಲಿ ಪದವಿ ನಿರಾಕರಿಸಲ್ಪಟ್ಟಾಗ ಜೆಕ್ಸ್-ಬ್ಲೇಕ್ 1874ರಲ್ಲಿ ಲಂಡನ್ ಮಹಿಳಾ ವೈದ್ಯಶಾಲೆಯನ್ನು ಸ್ಥಾಪಿಸಿದರು. ಗ್ಯಾರೆಟ್ ಮತ್ತು ಡಾ. ಬ್ಲ್ಯಾಕ್‌ವೆಲ್ ಅದಕ್ಕೆ ಬೆನ್ನೆಲುಬಾದರು, ಡಾ. ಬ್ಲ್ಯಾಕ್‌ವೆಲ್ ಅಲ್ಲಿ ಸ್ತ್ರೀರೋಗಶಾಸ್ತ್ರದ ಪ್ರಾಧ್ಯಾಪಿಕೆಯಾದರು.

ಎಡಿತ್ ಪೀಚಿ ಅವರು ವೈದ್ಯೆಯಾಗಿ 1883ರಲ್ಲಿ ಮುಂಬಯಿಗೆ ಬಂದು ಕಾಮಾ ಆಸ್ಪತ್ರೆಯ ಹೊಣೆ ಹೊತ್ತರು. ಹನ್ನೊಂದನೆಯ ವಯಸ್ಸಿನಲ್ಲಿಯೇ ಮದುವೆಯಾಗಿ, ಆ ಬಲವಂತದ ದಾಂಪತ್ಯವನ್ನು ಒಪ್ಪದೆ ನ್ಯಾಯಾಲಯದಲ್ಲಿ ಹೋರಾಡಿ ದೇಶಾದ್ಯಂತ ಚರ್ಚೆಗೆ ಕಾರಣರಾಗಿದ್ದ ರುಖ್ಮಾಬಾಯಿ ಅವರಿಗೆ ವೈದ್ಯವಿದ್ಯೆಯ ದಾರಿಯನ್ನು ತೋರಿದವರಲ್ಲಿ ಡಾ. ಪೀಚಿ ಪ್ರಮುಖರು. ರುಖ್ಮಾಬಾಯಿಯವರ ಮಲತಂದೆ ಡಾ. ಸಖಾರಾಮ ಅರ್ಜುನ್ ಅವರೂ ವೈದ್ಯರೇ. ಮಗಳ ವಿದ್ಯೆಗೆ ಅವರೇ ಮೊದಲ ಆಸರೆ. 1889ರಲ್ಲಿ ರುಖ್ಮಾಬಾಯಿ ಲಂಡನ್ನಿನ ಅದೇ ಮಹಿಳಾ ವೈದ್ಯಶಾಲೆಗೆ ಸೇರಿ 1894ರಲ್ಲಿ ವೈದ್ಯೆಯಾದರು. ಸೂರತ್ ಮತ್ತು ರಾಜಕೋಟಗಳಲ್ಲಿ ಬಹುಕಾಲ ಸೇವೆ ಸಲ್ಲಿಸಿದರು. ಆಶ್‌ವಿಲ್ಲಿನ ಪಾದ್ರಿಯೊಬ್ಬರು ತೆರೆದ ಪುಸ್ತಕದ ಕಪಾಟಿಗೂ ಸೂರತ್ತಿನ ಬಾಣಂತಿಯ ಶುಶ್ರೂಷೆಗೂ ಇರುವ ಸಂಬಂಧ ಇದು.

ಅಭಿಪ್ರಾಯಗಳು

ಮಹನೀಯರ ಎಲ್ಲ ಅಭಿಪ್ರಾಯಗಳೂ ಕಾಲದ ಪರೀಕ್ಷೆಯಲ್ಲಿ ಗೆಲ್ಲುವುದಿಲ್ಲ. ಡಾ. ಬ್ಲ್ಯಾಕ್‌ವೆಲ್ ರೋಗಾಣು ಸಿದ್ಧಾಂತವನ್ನು ಸಂಶಯದಿಂದ ನೋಡಿದರು, ಲಸಿಕೆಯನ್ನು ವಿರೋಧಿಸಿದರು. ಈ ವಿಷಯಗಳಲ್ಲಿ ವಿಜ್ಞಾನ ಅವರನ್ನು ಮೀರಿ ಮುನ್ನಡೆದು ಕೋಟ್ಯಂತರ ಜೀವಗಳನ್ನು ಉಳಿಸಿತು. ಆದರೆ ನೈರ್ಮಲ್ಯದ ಬಗ್ಗೆ ಅವರು ಹೇಳಿದುದು ಸ್ಥಿರವಾಗಿ ನಿಂತಿದೆ. ಜೀವಂತ ಪ್ರಾಣಿಗಳನ್ನು ಕೊಯ್ದು ಪ್ರಯೋಗ ನಡೆಸುವುದನ್ನು ಅವರು ಕೊನೆಯವರೆಗೂ ಖಂಡಿಸಿದರು. ಮೂಕಪ್ರಾಣಿಯ ನೋವನ್ನು ಕಂಡೂ ಕಾಣದಂತಿರಲು ಅಭ್ಯಾಸವಾದ ವಿದ್ಯಾರ್ಥಿ ಮುಂದೆ ನಿರ್ಗತಿಕ ರೋಗಿಯ ನೋವಿಗೂ ಕಲ್ಲಾಗುವನೆಂಬುದು ಅವರ ವಾದದ ಸಾರ. ವೈದ್ಯನಾಗಲು ಹೊರಟವನ ಹೃದಯವನ್ನೂ ಕಾಪಾಡಬೇಕಾದುದು ಗುರುವಿನ ಹೊಣೆಯೆಂದು ಅವರು ನಂಬಿದ್ದರು.

ಕೊನೆಯ ದಿನಗಳು

1879ರಿಂದ ಅವರು ಇಂಗ್ಲೆಂಡಿನ ಕಡಲತೀರದ ಹೇಸ್ಟಿಂಗ್ಸ್ ಊರಿನಲ್ಲಿ ನೆಲೆಸಿ ಗ್ರಂಥರಚನೆಯಲ್ಲಿ ತೊಡಗಿದರು. 1895ರಲ್ಲಿ ಅವರ ಆತ್ಮಕಥೆ ಪ್ರಕಟವಾಯಿತು. 1907ರಲ್ಲಿ ಸ್ಕಾಟ್ಲೆಂಡಿನಲ್ಲಿದ್ದಾಗ ಮೆಟ್ಟಿಲಿನಿಂದ ಬಿದ್ದು ಪೆಟ್ಟಾದ ಮೇಲೆ ಚೇತರಿಸಿಕೊಳ್ಳಲಿಲ್ಲ. 1910ರ ಮೇ 31ರಂದು, 89ನೆಯ ವಯಸ್ಸಿನಲ್ಲಿ, ಹೇಸ್ಟಿಂಗ್ಸಿನಲ್ಲಿ ದಿವಂಗತರಾದರು. ತಮಗೆ ಪ್ರಿಯವಾಗಿದ್ದ ಸ್ಕಾಟ್ಲೆಂಡಿನ ಕಿಲ್ಮನ್ ಗ್ರಾಮದಲ್ಲಿ ಅವರ ಸಮಾಧಿಯಿದೆ.

ಇಂದಿಗೂ ಪ್ರತಿಯೊಂದು ಊರಿನಲ್ಲಿಯೂ ವೈದ್ಯರಾಗಬೇಕೆಂದು ಹಂಬಲಿಸುವ ಬಡ ಮನೆಯ ಮಕ್ಕಳಿದ್ದಾರೆ. ಯಾವ ಪುಸ್ತಕ ಓದಬೇಕು, ಯಾರನ್ನು ಕೇಳಬೇಕು, ಹಣವೆಲ್ಲಿಂದ ತರಬೇಕು ಎಂಬುದು ಅವರಿಗೆ ತಿಳಿಯದು. ಅವರನ್ನು ಒಮ್ಮೆ ತನ್ನ ಕೋಣೆಗೆ ಕರೆದು ಕೂರಿಸಿ, ಅವರ ಅಂಜಿಕೆಯನ್ನು ಅರಿತು, ಡಾ. ಆಲೆನ್ನರು ಮಣಿಕಟ್ಟನ್ನು ತೋರಿಸಿದಂತೆ ಒಂದು ಮೊದಲ ಪಾಠವನ್ನು ಹೇಳುವ ವೈದ್ಯರು ಆ ಊರಿನಲ್ಲಿದ್ದರೆ ಅದು ಆ ಊರಿನ ಪುಣ್ಯ. ಅಂತಹ ವಿದ್ಯಾದಾನದ ಫಲ ಎಲ್ಲಿಯವರೆಗೆ ಹೋಗಿ ಮುಟ್ಟುವುದೆಂಬುದಕ್ಕೆ ಡಾ. ಎಲಿಜಬೆತ್ ಬ್ಲ್ಯಾಕ್‌ವೆಲ್ ಅವರ ಪುಣ್ಯಜೀವನವೇ ಸಾಕ್ಷಿ.